ಟೋಟಲ್ ಆದ ಚೆರೋಕಿ: ಪಾನಾ ಕೆಳಗಿಟ್ಟು ಪೇಪರ್ ಹಿಡಿದ 44 ದಿನ

ಈ ಲಾಗ್ ಶುರು ಮಾಡಿದ್ದು ಹಿಂದಿನ ಆಕ್ಸಲ್‌ಗೆ ಡಿಸ್ಕ್ ಬ್ರೇಕ್ ಹಾಕೋ ಕೆಲಸ ಬರೆದಿಡೋಣ ಅಂತ. ಡಿಸ್ಕ್ ಇನ್ನೂ ಡಬ್ಬದಲ್ಲೇ ಇದೆ. ಗಾಡಿ ಟೋಟಲ್ ಆಗಿದೆ, ಅಂದರೆ ಅಪಘಾತದ ಮೇಲೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ ಅಂತ ವಿಮೆ ಕಂಪನಿ ಲೆಕ್ಕ ಹಾಕಿದೆ. ಹಾಗಾಗಿ ಈ ಸಲದ ಅಪ್‌ಡೇಟ್‌ನಲ್ಲಿ ಗ್ರೀಸ್ ಕಮ್ಮಿ, ಇಮೇಲ್ ಜಾಸ್ತಿ.

ಹೊಸಬರಿಗೆ ಒಂದು ಮಾತು. ಗಾಡಿ 1999ರ ಜೀಪ್ ಚೆರೋಕಿ ಎಕ್ಸ್‌ಜೆ. 4.0 ಲೀಟರಿನ ಆರು ಸಿಲಿಂಡರ್ ಎಂಜಿನ್, ಆಟೋಮ್ಯಾಟಿಕ್, ಫೋರ್ ಬೈ ಫೋರ್. ಆರು ವರ್ಷದಲ್ಲಿ ನಾನು ಮಾಡಿದ್ದು: 3 ಇಂಚು ಲಿಫ್ಟ್ (ಗಾಡಿಯನ್ನು ಅಷ್ಟು ಎತ್ತರಿಸೋದು), 31 ಇಂಚಿನ ಟಯರ್, ಆ ಟಯರಿಗೆ ಎಳೆತ ಸಾಲದೆ ಆಕ್ಸಲ್ ಒಳಗಿನ 3.55 ಅನುಪಾತದ ಗೇರ್, ಅಂದರೆ ಕ್ರೌನ್ ಪಿನಿಯನ್, ತೆಗೆದು 4.10, ಹಿಂದೆ ಎರಡೂ ಚಕ್ರ ಒಟ್ಟಿಗೆ ತಿರುಗಿಸೋ ಡಿಫ್ ಲಾಕ್, ಮುಂದೆ ಸಿಕ್ಕಿಬಿದ್ದ ಗಾಡಿ ಎಳೆಯೋ ವಿಂಚ್, ಎರಡೂ ಕಡೆ ಸ್ಟೀಲ್ ಬಂಪರ್. ಡಿಕ್ಕಿಯಲ್ಲಿ ನಾನೇ ಕೂಡಿಸಿದ ಎರಡು ಡ್ರಾಯರ್ ಕೂಡ ಇವೆ, ಅವುಗಳ ವಿಷಯ ಆಮೇಲೆ ಬರುತ್ತದೆ.

ದುಡ್ಡಿನ ಅಂಕಿ ಇಲ್ಲಿ ಹಾಕಲ್ಲ. ವಿಮೆ ಕಂಪನಿಯ ಮೊದಲ ಆಫರ್ 100 ಅಂತ ಇಟ್ಟುಕೊಳ್ಳಿ, ಮಿಕ್ಕಿದ್ದೆಲ್ಲ ಅದರ ಲೆಕ್ಕದಲ್ಲೇ ಹೇಳುತ್ತೇನೆ.

ದಿನ 1

ಸಿಗ್ನಲ್‌ನಲ್ಲಿ ನಿಂತಿದ್ದೆ. ಹಿಂದಿನಿಂದ ಬಂದ ಲಾರಿ ಬಲಗಡೆ ಮೂಲೆಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಇಳಿದು ನೋಡಿದರೆ ನನ್ನ ಸ್ಟೀಲ್ ಬಂಪರ್‌ಗೆ ಬರೀ ಒಂದು ಗೀರು. ಪರವಾಗಿಲ್ಲ ಅಂದುಕೊಂಡೆ. ಆಮೇಲೆ ಹಿಂದಿನ ಬಾಗಿಲು ತೆಗೆಯೋಕೆ ಹೋದೆ, ಬರಲಿಲ್ಲ. ತಲೆ ಎತ್ತಿದರೆ ಬಾಗಿಲ ಮೇಲೆ, ರೂಫ್ ಸೇರೋ ಜಾಗದಲ್ಲಿ, ಶರ್ಟಿನ ಸುಕ್ಕಿನ ಹಾಗೆ ಒಂದು ಮಡಿಕೆ. ಬೆರಳು ಇಟ್ಟು ನೋಡಿದೆ, ಪೇಂಟ್ ಪುಡಿ ಪುಡಿಯಾಗಿ ಉದುರಿತು.

ಎಕ್ಸ್‌ಜೆ ಬಗ್ಗೆ ಗೊತ್ತಿದ್ದವರಿಗೆ ಆ ಮಡಿಕೆ ಸಾಕು. ಈ ಗಾಡಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಚಾಸಿ. ಬಂಪರ್ ಗಟ್ಟಿಯಾಗಿತ್ತು, ಅದನ್ನು ನಾನೇ ಬಾಡಿ ಕೆಳಗಿನ ರೈಲಿಗೆ, ಅಂದರೆ ಉದ್ದದ ಸ್ಟೀಲ್ ತೊಲೆಗೆ, ಬಿಗಿದಿದ್ದೆ, ಹಾಗಾಗಿ ಹೊಡೆತವೆಲ್ಲ ಬಂಪರ್ ದಾಟಿ ನೇರ ಬಾಡಿಗೆ ಹೋಗಿದೆ.

ಟೋಯಿಂಗ್‌ನವರು ಬರೋ ಮೊದಲು ಸುಮಾರು 80 ಫೋಟೋ ತೆಗೆದೆ. ಮೀಟರ್, ಟಯರಿನ ಪಟ್ಟಿ, ಒಳಗಿನ ಸೀಟು, ಎಂಜಿನ್ ಎಲ್ಲಾ. ಪೆಟ್ಟು ಬಿದ್ದ ಜಾಗ ಎಲ್ಲರೂ ತೆಗೆಯುತ್ತಾರೆ, ಆದರೆ ಮುಂದೆ ನನಗೆ ಕೆಲಸಕ್ಕೆ ಬಂದದ್ದು ಪೆಟ್ಟೇ ಬೀಳದ ಜಾಗದ ಫೋಟೋಗಳು.

ದಿನ 3

ಯಾರ್ಡಿಗೆ ಹೋಗಿ ನನ್ನ ಸಾಮಾನು ತೆಗೆದುಕೊಂಡೆ. ಜ್ಯಾಕ್, ಎಳೆಯೋ ಬೆಲ್ಟ್, ಟೂಲ್ ಬ್ಯಾಗ್, ಕಂಪ್ರೆಸರ್. ಇವು ಗಾಡಿಗೆ ಸೇರಿದ್ದಲ್ಲ, ತೆಗೆದರೆ ಯಾರೂ ಕೇಳಲ್ಲ. ವಿಂಚ್ ಮೇಲೂ ಕಣ್ಣು ಹೋಯಿತು, ಸುಳ್ಳು ಹೇಳಲ್ಲ. ನಾಲ್ಕೇ ಬೋಲ್ಟ್. ಆದರೆ ಬೋಲ್ಟ್ ಹಾಕಿ ಕೂರಿಸಿದ್ದೆಲ್ಲ ಗಾಡಿಯ ಭಾಗ. ವಿಮೆಯ ಸರ್ವೇಯರ್ ನೋಡೋ ಮೊದಲು ಬಿಚ್ಚಿದರೆ ಅದರ ಬೆಲೆ ಹೋಗುತ್ತದೆ, ನೋಡಿದ ಮೇಲೆ ಕೇಳದೆ ಬಿಚ್ಚಿದರೆ ನಾನೇ ಕಳ್ಳ ಆಗುತ್ತೇನೆ. ಬಿಟ್ಟು ಬಂದೆ.

ಯಾರ್ಡ್ ಬಾಡಿಗೆ ದಿನದ ಲೆಕ್ಕ. ಅದನ್ನು ಯಾರು ಕೊಡುತ್ತಾರೆ, ಎಲ್ಲಿಯವರೆಗೆ ಕೊಡುತ್ತಾರೆ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ತೆಗೆದುಕೊಂಡೆ.

ದಿನ 9

ವಿಮೆ ಕಂಪನಿಯ ಮೇಡಂ ಒಬ್ಬರ ಫೋನ್ ಬಂತು. ಟೋಟಲ್ ಲಾಸ್. ರಿಪೇರಿ ಅಂದಾಜು 119, ಗುಜರಿ ಬೆಲೆ 18, ಗಾಡಿಯ ಬೆಲೆ 100. ರಿಪೇರಿಯೂ ಗುಜರಿಯೂ ಸೇರಿ ಗಾಡಿ ಬೆಲೆಗಿಂತ ಜಾಸ್ತಿ ಆದರೆ ಅವರ ಲೆಕ್ಕದಲ್ಲಿ ಗಾಡಿ ಮುಗೀತು. ಕೆಲವು ಕಡೆ ಇದಕ್ಕೆ ಬೇರೆ ಸೂತ್ರ ಇರುತ್ತದೆ, ಬೆಲೆಯ ಇಷ್ಟು ಶೇಕಡಾ ದಾಟಿದರೆ ಟೋಟಲ್ ಅಂತ. ಎರಡರಲ್ಲೂ ಒಂದೇ ಕಥೆ: ಗಾಡಿಗೆ ಬೆಲೆ ಕಮ್ಮಿ ಕಟ್ಟಿದಷ್ಟೂ ಅದು ಬೇಗ ಟೋಟಲ್ ಆಗುತ್ತದೆ.

ಆ ಮೇಡಂ ಒಳ್ಳೆಯವರೇ, ದನಿ ಎತ್ತಲಿಲ್ಲ. ನಾನೇ ಎತ್ತಿದೆ. "ಬರೀ ಪಾರ್ಟ್ಸ್‌ಗೇ 150ರಷ್ಟು ಸುರಿದಿದ್ದೀನಿ ಮೇಡಂ" ಅಂದೆ. "ಸರ್, ನೀವು ಎಷ್ಟು ಖರ್ಚು ಮಾಡಿದ್ರಿ ಅನ್ನೋದು ನಮ್ಮ ಲೆಕ್ಕಕ್ಕೆ ಬರಲ್ಲ. ಅಪಘಾತದ ಹಿಂದಿನ ದಿನ ಮಾರಿದ್ದರೆ ಎಷ್ಟು ಬರ್ತಿತ್ತು, ಅಷ್ಟೇ."

ಆ ಸಂಜೆ ತುಂಬಾ ಕೋಪ ಬಂದಿತ್ತು. ಆದರೆ ಅವರು ಹೇಳಿದ್ದು ಸರಿ. ಪಾಲಿಸಿ ತೆಗೆದು ಓದಿದೆ, ಅದರಲ್ಲೂ ಅದೇ ಬರೆದಿದೆ. ನನ್ನ ರಸೀದಿ ಕಟ್ಟು ಹಿಡಿದುಕೊಂಡು ಜಗಳ ಆಡಿದರೆ ಸೋಲು ಖಾತ್ರಿ. ಮಾರುಕಟ್ಟೆ ಏನು ಕೊಡುತ್ತದೆ ಅನ್ನೋದರ ಮೇಲೆ ಮಾತಾಡಬೇಕು. ಫೋನ್‌ನಲ್ಲಿ ಒಪ್ಪಿಗೆಯೂ ಕೊಡಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಬೆಲೆ ಕಟ್ಟಿದ ಪೂರ್ತಿ ರಿಪೋರ್ಟ್ ಕಳಿಸಿ ಅಂದೆ. ಮೊದಲು ಒಂದು ಪುಟದ ಸಾರಾಂಶ ಬಂತು. ಮತ್ತೆ ಕೇಳಿದ ಮೇಲೆ 14 ಪುಟ ಬಂತು.

ದಿನ 12

ಆ 14 ಪುಟ ಓದೋಕೆ ಒಂದು ಇಡೀ ಸಂಜೆ ಹಿಡಿಯಿತು, ಅದು ಈ ಇಡೀ ವ್ಯವಹಾರದಲ್ಲಿ ನಾನು ಖರ್ಚು ಮಾಡಿದ ಅತಿ ಲಾಭದ ಸಂಜೆ.

ಹೋಲಿಕೆಗೆ ಐದು ಗಾಡಿ ಹಿಡಿದಿದ್ದರು. ಒಂದು ಟೂ ವೀಲ್ ಡ್ರೈವ್. ಎಕ್ಸ್‌ಜೆ ಹಾಗೂ ಬರುತ್ತಿತ್ತು, ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ. ಇನ್ನೊಂದು 2.5 ಲೀಟರಿನ ನಾಲ್ಕು ಸಿಲಿಂಡರ್. ಮೂರನೆಯದು ಒಮ್ಮೆ ಟೋಟಲ್ ಆಗಿ ಮತ್ತೆ ರಸ್ತೆಗೆ ಬಂದದ್ದು, ಜಾಹೀರಾತಿನ ಕೊನೇ ಸಾಲಿನಲ್ಲೇ ಹಾಗಂತ ಬರೆದಿತ್ತು. ಉಳಿದ ಎರಡು ಸರಿಯಾಗಿಯೇ ಇದ್ದವು, ಒಂದು 2000, ಒಂದು 2001. ನನ್ನದು ಹಳೇದು ಅಂತ ಅವೆರಡರ ಬೆಲೆಯಿಂದಲೂ ಸ್ವಲ್ಪ ಕಳೆದಿದ್ದರು.

ಇಲ್ಲಿ ನನಗೆ ನಗು ಬಂತು. 2000, 2001ರ 4.0 ಎಂಜಿನ್ನಿನ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಮೇಲೆ 0331 ಅಂತ ನಂಬರ್ ಇದ್ದರೆ, ಅದು 3 ಮತ್ತು 4ನೇ ಸಿಲಿಂಡರ್ ನಡುವೆ ಬಿರುಕು ಬಿಡುವ ಹೆಡ್ ಅಂತ ಈ ಗಾಡಿ ಓಡಿಸೋರಿಗೆಲ್ಲ ಗೊತ್ತು. ಕೊಳ್ಳೋಕೆ ಬಂದವರು ಮೊದಲು ಬಾನೆಟ್ ತೆಗೆದು ಆ ನಂಬರ್ ನೋಡುತ್ತಾರೆ. ನನ್ನದರ ಮೇಲೆ 0630. ಅದರ ಫೋಟೋ ಆರು ವರ್ಷದ ಹಿಂದೆ, ಗಾಡಿ ಕೊಂಡ ದಿನವೇ ತೆಗೆದಿದ್ದೆ. ವರ್ಷ ಹೊಸದಾದರೆ ಬೆಲೆ ಜಾಸ್ತಿ ಅನ್ನೋದು ಹೊಸ ಗಾಡಿಗಳ ಲೆಕ್ಕ. ಅಮೆರಿಕದಲ್ಲಿ 2001ಕ್ಕೆ ತಯಾರಿಕೆ ನಿಂತ ಗಾಡಿಗೆ ಆ ಲೆಕ್ಕ ಹೊಂದಲ್ಲ.

ಇದರ ಜೊತೆಗೆ "ಸ್ಥಿತಿ: ಸಾಧಾರಣ" ಅಂತ ಬರೆದು ಪ್ರತಿ ಹೋಲಿಕೆಯಿಂದಲೂ 6 ಕಳೆದಿದ್ದರು. ಲಿಫ್ಟ್, ವಿಂಚ್, ಲಾಕ್ ಯಾವುದರ ಹೆಸರೂ ಇಲ್ಲ. ಟಯರ್ ಅಳತೆ ಕಂಪನಿಯಿಂದ ಬಂದ ಅಳತೆಯೇ ಬರೆದಿತ್ತು, ಅದೂ ಸರ್ವೇಯರ್ ತೆಗೆದ ಫೋಟೋದ ಪಕ್ಕದಲ್ಲೇ.

ದಿನ 13ರಿಂದ 20

ಹುಡುಕಾಟ. ನನ್ನ ಗಾಡಿಗೆ ಹತ್ತಿರ ಬರುವ 11 ಜಾಹೀರಾತು ಸಿಕ್ಕವು. ಎರಡು ಬಿಟ್ಟೆ, ಅವು ಕನಸಿನ ಬೆಲೆ. ಮೂರು ದಿನ ಬಿಟ್ಟು ನೋಡಿದರೆ ನಾಲ್ಕು ಮಾಯವಾಗಿದ್ದವು, ಪುಣ್ಯಕ್ಕೆ ತಾರೀಕು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಕೇಳುವ ಬೆಲೆಗೂ ಕೊಡುವ ಬೆಲೆಗೂ ವ್ಯತ್ಯಾಸ ಇರುತ್ತದೆ ಅಂತ ನಾನೇ ಎಲ್ಲದರಿಂದಲೂ ಶೇಕಡಾ 5 ಇಳಿಸಿದೆ. ಅವರು ಇಳಿಸೋ ಮೊದಲು ನಾವೇ ಇಳಿಸಿದರೆ ಎಷ್ಟು ಇಳಿಸಬೇಕು ಅನ್ನೋದು ನಮ್ಮ ಕೈಲಿ ಇರುತ್ತದೆ. ಕಮ್ಮಿ ಬೆಲೆಯ ಎರಡನ್ನೂ ಪಟ್ಟಿಯಲ್ಲೇ ಉಳಿಸಿದೆ. ಬರೀ ದುಬಾರಿದೇ ಕಳಿಸಿದರೆ ಯಾರು ನಂಬುತ್ತಾರೆ?

ಆಮೇಲೆ ರಸೀದಿಗಳು. ಮೊದಲು ಎಲ್ಲಾ ಸೇರಿಸಿ ಒಂದೇ ಪಟ್ಟಿ ಮಾಡಿದ್ದೆ, ನೋಡಿದರೆ ನನಗೇ ನಾಚಿಕೆ ಆಯಿತು. ಸ್ಟಿಕ್ಕರ್ ಕೂಡ ಇತ್ತು ಅದರಲ್ಲಿ. ಹರಿದು ಮತ್ತೆ ಬರೆದೆ. ರೇಡಿಯೇಟರ್, ವಾಟರ್ ಪಂಪ್, ಎಂಜಿನ್ ಹಿಂದಿನ ಸೀಲ್ ಇವೆಲ್ಲ "ಸ್ಥಿತಿ" ವಾದಕ್ಕೆ, ಅಂದರೆ ಆ ಸಾಧಾರಣ ಅನ್ನೋ ಪದ ಅಳಿಸೋಕೆ. ಲಿಫ್ಟ್, 4.10, ಲಾಕ್, ವಿಂಚ್, ಬಂಪರ್ ಇವಕ್ಕೆ ಮಾರುಕಟ್ಟೆಯಲ್ಲಿ ಗಿರಾಕಿ ಇದೆ. ಕೊಟ್ಟ ದುಡ್ಡು ಪೂರ್ತಿ ಬರಲ್ಲ, ಆದರೆ ಇದ್ದ ಗಾಡಿಗೂ ಇಲ್ಲದ ಗಾಡಿಗೂ ವ್ಯತ್ಯಾಸ ಜಾಹೀರಾತಿನಲ್ಲೇ ಕಾಣುತ್ತದೆ. ಡ್ರಾಯರ್, ಲೈಟು, ಸ್ವಿಚ್ ಪ್ಯಾನೆಲ್ ಬರೀ ನನ್ನ ಖುಷಿಗೆ, ಬಿಟ್ಟೆ. ಡ್ರಾಯರ್ ಬಿಡೋವಾಗ ಹೊಟ್ಟೆ ಉರಿಯಿತು. ನಾಲ್ಕು ವಾರಾಂತ್ಯದ ಕೆಲಸ ಅದು.

ವಿಂಚ್ ಸೆಕೆಂಡ್ ಹ್ಯಾಂಡ್, ರಸೀದಿ ಇಲ್ಲ. ದುಡ್ಡು ಕಳಿಸಿದ ಬ್ಯಾಂಕ್ ದಾಖಲೆ, ಮಾರಿದವರ ಜೊತೆಗಿನ ಮೆಸೇಜು, ಕೂರಿಸಿದ ದಿನದ ಫೋಟೋ, ಮೂರನ್ನೂ ಒಂದೇ ಪುಟಕ್ಕೆ ಅಂಟಿಸಿದೆ. ಒಪ್ಪಿದರು.

ಇನ್ನೊಂದು ನನ್ನನ್ನು ಉಳಿಸಿದ್ದು ಎರಡು ವರ್ಷದ ಹಿಂದಿನ ಒಂದು ಇಮೇಲ್. ರಿನ್ಯೂವಲ್ ಸಮಯದಲ್ಲಿ ಲಿಫ್ಟ್, ವಿಂಚ್, ಟಯರ್ ಹಾಕಿದ್ದೇನೆ ಅಂತ ತಿಳಿಸಿದ್ದೆ, ಆಕ್ಸೆಸರಿ ಕವರ್ ಅಂತ ಸ್ವಲ್ಪ ಜಾಸ್ತಿಯೂ ಕಟ್ಟಿದ್ದೆ. ಅದರ ಮಿತಿ 10. ಚಿಲ್ಲರೆ ಅನ್ನಿಸಬಹುದು, ಆದರೆ ತಿಳಿಸದೇ ಇದ್ದಿದ್ದರೆ ಮಾತು ಬೇರೆ ದಿಕ್ಕಿಗೆ ಹೋಗುತ್ತಿತ್ತು. ಹೇಳದೆ ಗಾಡಿ ಬದಲಾಯಿಸಿದ್ದೀರಿ ಅಂತ ಕ್ಲೇಮನ್ನೇ ತಳ್ಳಿಹಾಕೋಕೆ ಅದೊಂದು ಕಾರಣ ಸಾಕು.

ದಿನ 21

ಮೂರು ಪುಟದ ಪತ್ರ ಕಳಿಸಿದೆ. ಕೇಳಿದ್ದು 143.

ದಿನ 25

ಇದನ್ನು ನಾನು ಎಣಿಸಿಯೇ ಇರಲಿಲ್ಲ. ಮೇಡಂ ಫೋನ್ ಮಾಡಿ ಹೇಳಿದರು: "ಸರ್, ನೀವು ಹೇಳೋ ಬೆಲೆ ಒಪ್ಪಿದ್ರೆ ಇದು ಟೋಟಲ್ ಲಾಸೇ ಅಲ್ಲ. ರಿಪೇರಿಗೆ ಹಾಕೋಣ್ವಾ?"

ಬಾಯಿ ಕಟ್ಟಿತು. 119ಕ್ಕೆ 18 ಸೇರಿದರೆ 137. ನಾನು ಕೇಳಿದ್ದು 143. ನನ್ನ ವಾದ ಗೆದ್ದರೆ ಬಾಡಿ ಎಳೆದು ನೆಟ್ಟಗೆ ಮಾಡಿದ ಗಾಡಿ ಕೈಗೆ ಬರುತ್ತದೆ. ಅದರ ಮೇಲೆ 31 ಇಂಚಿನ ಟಯರ್ ಹಾಕಿ ಕಲ್ಲಿನ ಮೇಲೆ ಹತ್ತಿಸೋ ಧೈರ್ಯ ನನಗಿಲ್ಲ.

ಎರಡು ದಿನ ಸುಮ್ನೆ ಕೂತೆ. ಆಮೇಲೆ ಬಾಡಿ ಅಳತೆ ತೆಗೆಯೋ ಗ್ಯಾರೇಜಿನವರನ್ನು ಯಾರ್ಡಿಗೆ ಕರೆದುಕೊಂಡು ಹೋದೆ, ನನ್ನ ಖರ್ಚಲ್ಲೇ. ಬಲಗಡೆ ಹಿಂದಿನ ರೈಲು 19 ಮಿಲಿಮೀಟರ್ ಮುಂದೆ ಬಂದಿದೆ, ರೂಫ್ ಮಡಿಕೆ ಅದರದ್ದೇ ಇನ್ನೊಂದು ತುದಿ. ಅಳತೆಯ ಪೇಪರ್ ನೋಡಿದ ಮೇಲೆ ಕಂಪನಿಯವರೇ ರಿಪೇರಿ ಅಂದಾಜನ್ನು 138ಕ್ಕೆ ಏರಿಸಿದರು. 119 ಬರೀ ಹೊರಗಿನಿಂದ ನೋಡಿ ಬರೆದದ್ದು ಅಂತ ಆಗ ಗೊತ್ತಾಯಿತು. ಅಲ್ಲಿಗೆ ರಿಪೇರಿ ಮಾತು ನಿಂತಿತು, ನನಗೂ ಬೆಲೆ ಕೇಳೋಕೆ ಜಾಗ ಸಿಕ್ಕಿತು.

ದಿನ 30ರಿಂದ 38

112 ಅಂದರು. ನಾನು ಟೂ ವೀಲ್ ಡ್ರೈವ್ ಗಾಡಿಯ ಪುಟವನ್ನು ಮತ್ತೆ ಕಳಿಸಿದೆ. 118 ಅಂದರು. ಲಿಫ್ಟ್ ಮಾಡಿದ ಗಾಡಿ ಕೊಳ್ಳೋರು ಕಮ್ಮಿ, ಹಾಗಾಗಿ ಬೆಲೆ ಇಳಿಯುತ್ತದೆ ಅಂತ ಒಂದು ವಾದವೂ ಬಂತು. ಕೆಲವು ಗಾಡಿಗೆ ಅದು ನಿಜವೇ. ಕೆಟ್ಟದಾಗಿ ಲಿಫ್ಟ್ ಮಾಡಿದ ಎಕ್ಸ್‌ಜೆ ನಾನೂ ಕೊಳ್ಳಲ್ಲ. ಜಗಳ ಆಡಲಿಲ್ಲ, ಲಿಫ್ಟ್ ಆದ ಮೂರು ಗಾಡಿಯ ಜಾಹೀರಾತು, ಆಗದ ಮೂರರದ್ದು ಪಕ್ಕಪಕ್ಕ ಇಟ್ಟು ಕಳಿಸಿದೆ.

ಪಾಲಿಸಿಯಲ್ಲಿ ಇನ್ನೊಂದು ದಾರಿ ಇತ್ತು. ಬೆಲೆಯಲ್ಲಿ ಒಮ್ಮತ ಬಾರದಿದ್ದರೆ ಎರಡೂ ಕಡೆಯವರು ಒಬ್ಬೊಬ್ಬ ಮೌಲ್ಯಮಾಪಕರನ್ನು ಇಟ್ಟುಕೊಳ್ಳೋದು, ಅವರಿಬ್ಬರೂ ಸೇರಿ ಒಬ್ಬ ಮಧ್ಯಸ್ಥರನ್ನು ಆರಿಸೋದು. ನನ್ನವರ ಫೀಸು ನಾನು ಕೊಡಬೇಕು, ಮಧ್ಯಸ್ಥರದ್ದು ಅರ್ಧ ಅರ್ಧ. ವಿಚಾರಿಸಿದರೆ ನನಗೆ 6ರಷ್ಟು ಖರ್ಚು. ಬೆದರಿಕೆ ಹಾಕಲಿಲ್ಲ. ಆ ಪ್ಯಾರಾದ ನಂಬರ್ ಬರೆದು, ಇದನ್ನು ಬಳಸಬೇಕಾದರೆ ಯಾರಿಗೆ ಬರೆಯಬೇಕು ಅಂತ ಒಂದೇ ಸಾಲು ಕೇಳಿದೆ.

ಮೂರನೇ ದಿನ 129 ಬಂತು. ಆಕ್ಸೆಸರಿ ಕವರ್‌ನ 10 ಬೇರೆ. ಒಟ್ಟು 139.

ಇನ್ನೂ ಎಳೀಬಹುದಿತ್ತಾ? ಇರಬಹುದು. ಯಾರ್ಡ್ ಬಾಡಿಗೆ ಇನ್ನು ಐದು ದಿನಕ್ಕೆ ನನ್ನ ತಲೆ ಮೇಲೆ ಬರುವುದಿತ್ತು, ನಿದ್ದೆಯೂ ಕೆಟ್ಟಿತ್ತು. ಒಪ್ಪಿದೆ.

ದಿನ 40

ಸಹಿ ಹಾಕೋ ಮೊದಲು ಕೊನೇ ಮಾತು, ಗುಜರಿ. 18 ಹಿಡಿದುಕೊಂಡು ಗಾಡಿ ನನಗೇ ಬಿಡಿ ಅಂದೆ. ಹಾಗೆ ಮಾಡಿದರೆ ದಾಖಲೆಯಲ್ಲಿ ಟೋಟಲ್ ಅಂತ ಬೀಳುತ್ತದೆ. ಬೀಳಲಿ, ಆ ಬಾಡಿಯನ್ನು ರಸ್ತೆಗೆ ತರೋ ಯೋಚನೆಯೇ ಇಲ್ಲ. 18 ಕೊಟ್ಟರೆ ಎಂಜಿನ್, ಗೇರ್ ಬಾಕ್ಸ್, 4.10 ಇರೋ ಎರಡು ಆಕ್ಸಲ್, ಲಾಕ್, ವಿಂಚ್, ಐದು ಟಯರ್. ಇದೇ ಮಾತು ಬೆಲೆ ಕುದುರೋ ಮೊದಲು ಎತ್ತಿದ್ದರೆ 18 ಅನ್ನೋದು 25 ಆಗುತ್ತಿತ್ತೋ ಏನೋ. ಅವರ ಪೇಪರ್‌ನಲ್ಲೇ 18 ಅಂತ ಇತ್ತು, ಅದನ್ನೇ ತೋರಿಸಿದೆ.

139ರಲ್ಲಿ 18 ಹೋಗಿ, ಪಾಲಿಸಿ ಪ್ರಕಾರ ನಾನೇ ಹೊರಬೇಕಾದ ಕಡಿತ 5 ಹೋಗಿ, ಕೈಗೆ 116. ಹಣ ಬಂದದ್ದು ನಾಲ್ಕು ದಿನಕ್ಕೆ.

ದಿನ 44

ಗಾಡಿ ಶೆಡ್ಡಿಗೆ ಬಂತು. ಮೊದಲು ಸ್ಟೆಪ್ನಿ, ಆಮೇಲೆ ವಿಂಚ್, ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್. ಎಕ್ಸ್‌ಜೆಯ ಹಿಂದಿನ ಶಾಕ್‌ನ ಮೇಲಿನ ಬೋಲ್ಟ್ ಅಂದರೆ ಮುರಿಯೋದಕ್ಕೇ ಹುಟ್ಟಿದ್ದು. ಆರು ವರ್ಷದ ಹಿಂದೆ ಲಿಫ್ಟ್ ಹಾಕುವಾಗ ನಾಲ್ಕರಲ್ಲಿ ಮೂರು ಮುರಿದು, ಕೊರೆದು ತೆಗೆದು, ಹೊಸದಕ್ಕೆ ತುಕ್ಕು ಹಿಡಿಯದ ಪೇಸ್ಟ್ ಬಳಿದು ಹಾಕಿದ್ದೆ. ಈ ಸಲ ನಾಲ್ಕೂ ಕೈ ಪಾನಾದಲ್ಲೇ ಬಂದವು. ಡ್ರಾಯರ್ ಮಾತ್ರ ಹೊರಗೆ ಬರುತ್ತಿಲ್ಲ, ಬಾಡಿ ಬಾಗಿ ಅದನ್ನು ಕಚ್ಚಿಕೊಂಡಿದೆ. ನಾಳೆ ಗ್ರೈಂಡರ್ ತರುತ್ತೇನೆ. ಮುಂದಿನ ಎಕ್ಸ್‌ಜೆ ಒಂದು ನೋಡಿಟ್ಟಿದ್ದೇನೆ, 1998ರದ್ದು, ಏನೂ ಮಾಡಿಸದ ಗಾಡಿ. ಅದಕ್ಕೆ ಮೊದಲೇ ಬೆಲೆ ಗೊತ್ತು ಮಾಡಿ ಬರೆದುಕೊಡುವ ಪಾಲಿಸಿ ಯಾರು ಕೊಡುತ್ತಾರೆ ಅಂತ ಕೇಳುತ್ತಿದ್ದೇನೆ. ಡಿಸ್ಕ್ ಬ್ರೇಕ್ ಡಬ್ಬ ಇನ್ನೂ ತೆರೆದಿಲ್ಲ.