ಎಂಟನೇ ಹೆನ್ರಿ: ಮೂರನೇ ಅಂಕ ಕೊನೆಗೂ ಬಗ್ಗಿತು

ಗೆರೆ ತಿರುಗಿತು ಮಾರಾಯ್ರೇ! ‘ಎಂಟನೇ ಹೆನ್ರಿ’ ನಾಟಕವನ್ನು ಷೇಕ್ಸ್‌ಪಿಯರ್ ಮತ್ತು ಜಾನ್ ಫ್ಲೆಚರ್ ಸೇರಿ ಬರೆದರು ಎನ್ನುತ್ತಾರೆ. ಯಾವ ಭಾಗ ಯಾರದು ಎಂದು ಪದ ಎಣಿಸಿ ನಕ್ಷೆ ಹಾಕುತ್ತಿದ್ದೇನೆ, ಅದರಲ್ಲಿ ಇಬ್ಬರಿಗೂ ಒಂದೊಂದು ಗೆರೆ. ಮೂರನೇ ಅಂಕ, ಎರಡನೇ ದೃಶ್ಯ. ರಾಜ ಕಾರ್ಡಿನಲ್ ವೂಲ್ಸಿಯನ್ನು ಕೆಕ್ಕರಿಸಿ ನೋಡಿ ಹೊರಟುಹೋಗುತ್ತಾನಲ್ಲ, ಅದರ ಆಸುಪಾಸಿನಲ್ಲೇ ಷೇಕ್ಸ್‌ಪಿಯರನ ಗೆರೆ ಇಳಿದು ಜಾನ್ ಫ್ಲೆಚರನದು ಮೇಲೆದ್ದಿತು. 1850ರಲ್ಲಿ ವಿದ್ವಾಂಸ ಜೇಮ್ಸ್ ಸ್ಪೆಡಿಂಗ್ ಬರೀ ಕಿವಿ ಮತ್ತು ಬೆರಳೆಣಿಕೆ ನಂಬಿ ದೃಶ್ಯವನ್ನು ಎರಡಾಗಿ ಸೀಳಿದ್ದೂ ಅಲ್ಲೇ. ಆತನ ಮೇಲೆ ಗೌರವ ಹೆಚ್ಚಿದೆ, ಜೊತೆಗೆ ಹೊಟ್ಟೆಕಿಚ್ಚೂ.

ಡೆಲ್ಟಾ ಲೆಕ್ಕ (ಸಾಮಾನ್ಯ ಪದಗಳ ಬಳಕೆ ಹೋಲಿಸಿ ಶೈಲಿಗಳ ಅಂತರ ಅಳೆಯುವುದು), ಅದಕ್ಕೆ ಬೇಕಾದ ಸ್ಟೈಲೋ ತಂತ್ರಾಂಶ ಹಾಕಿಕೊಳ್ಳುವುದು, ಪಾತ್ರಗಳ ಹೆಸರು ಮತ್ತು ರಂಗಸೂಚನೆ ತೆಗೆಯುವುದು ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟಿದ್ದೇನೆ. ನನ್ನ ತಲೆ ತಿಂದದ್ದು ಒಂದು ಚೋಟುದ್ದದ ಪದ: ‘ಯೀ’ (ye), ಅಂದರೆ ‘ನೀವು’.

ಫ್ಲೆಚರನನ್ನು ಹಿಡಿಯಲು ‘ಯೂ’ ಬದಲು ‘ಯೀ’, ‘ದೆಮ್’ (them) ಬದಲು ‘ಎಮ್’ (’em) ಎಣಿಸಬೇಕು ಎನ್ನುವುದು ಹಳೇ ಸೂತ್ರ. ಸೈರಸ್ ಹೋಯ್ 1956ರಿಂದ 1962ರವರೆಗೆ ಸರಣಿ ಲೇಖನ ಬರೆದು ಇದನ್ನು ಗಟ್ಟಿ ಮಾಡಿದರು. ಫ್ಲೆಚರ್ ಒಬ್ಬನೇ ಬರೆದ ನಾಟಕಗಳಲ್ಲಿ ಯೀಗಳು ಗಿಜಿಗುಡುತ್ತವೆ, ಷೇಕ್ಸ್‌ಪಿಯರನಲ್ಲಿ ವಿರಳ. ನನ್ನ ಮೊದಲ ನಕ್ಷೆಯಲ್ಲಿ ಮಾತ್ರ ಎಲ್ಲ ಉಲ್ಟಾ: ಫ್ಲೆಚರನ ದೃಶ್ಯಗಳು ಸಪ್ಪೆ, ಹೋಲಿಕೆಗೆಂದು ಇಟ್ಟುಕೊಂಡ ಷೇಕ್ಸ್‌ಪಿಯರನ ನಮೂನೆ ಪಠ್ಯಗಳಲ್ಲಿ ಎಲ್ಲಿಂದಲೋ ಬಂದ ಯೀಗಳು.

ಸಪ್ಪೆಯಾದ ಕಾರಣ ಬೇಗ ಸಿಕ್ಕಿತು. ಪುಕ್ಕಟೆ ಪಠ್ಯ ಕೊಡುವ ಒಂದು ತಾಣದ ಪುಣ್ಯಾತ್ಮರು, ಹೆಸರು ಬೇಡ, ಓದುಗರಿಗೆ ಸುಲಭವಾಗಲಿ ಎಂದು ಹಲವು ಎಮ್‌ಗಳನ್ನು ದೆಮ್ ಮಾಡಿಟ್ಟಿದ್ದಾರೆ. ಎಲ್ಲವನ್ನೂ ಮಾಡಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಮನಸ್ಸು ಬಂದಲ್ಲಿ ಮಾಡಿದ್ದಾರೆ. ಹೋಗಲಿ, 1623ರ ಫೋಲಿಯೋದ (ಷೇಕ್ಸ್‌ಪಿಯರನ ನಾಟಕಗಳ ದೊಡ್ಡಳತೆಯ ಸಂಗ್ರಹ) ಛಾಯಾಪ್ರತಿ ಎಂದು ಹಳೇ ಪುಸ್ತಕದಂಗಡಿಯಿಂದ ತರಿಸಿದರೆ ಬಂದದ್ದು ಆಧುನಿಕ ಕಾಗುಣಿತದ ಶಾಲಾ ಆವೃತ್ತಿ, ಅಂಚಿನ ತುಂಬ ಯಾರೋ ಪರೀಕ್ಷೆಗೆ ಗುರುತು ಹಾಕಿಕೊಂಡದ್ದು. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಕಡೆಗೆ 2015ರ ಆರಂಭದಲ್ಲಿ ಸಾರ್ವಜನಿಕರಿಗೆ ತೆರೆದ ಇಇಬಿಒ-ಟಿಸಿಪಿ (ಹಳೇ ಇಂಗ್ಲಿಷ್ ಮುದ್ರಿತ ಪುಸ್ತಕಗಳ ಡಿಜಿಟಲ್ ಸಂಗ್ರಹ) ಪಠ್ಯಗಳಿಗೇ ಶರಣಾದೆ.

ಕಳ್ಳ ಯೀಗಳದ್ದೇ ನಿಜವಾದ ತಲೆನೋವು. ಸಾಲು ಕಿಕ್ಕಿರಿದಾಗ ಮೊಳೆ ಜೋಡಿಸುವವರು ‘ದಿ’ ಎಂಬ ಪದವನ್ನು ವೈ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಇ ಕೂರಿಸಿ ಚುಟುಕು ಮಾಡುತ್ತಿದ್ದರು. ಪಠ್ಯ ಶುದ್ಧಿ ಮಾಡುವ ಸ್ಕ್ರಿಪ್ಟ್ ಆ ಮೇಲಕ್ಷರವನ್ನು ಕೆಳಗಿಳಿಸಿದ ಕೂಡಲೇ ಅದು ಅಪ್ಪಟ ಯೀ! ಅಂದರೆ ಜಾಗ ಸಾಲದ ಅಚ್ಚುಮನೆಯ ಕೂಲಿಯವನು ನನ್ನ ನಕ್ಷೆಯಲ್ಲಿ ಫ್ಲೆಚರ್ ಆಗಿ ಕೂತಿದ್ದ. ಗದ್ಯದ ಸಾಲುಗಳಲ್ಲಿ ಈ ಕಾಟ ಹೆಚ್ಚು. ಮೇಲಕ್ಷರದ ಗುರುತು ಇರುವುದನ್ನೆಲ್ಲ ಮೊದಲೇ ‘ದಿ’ ಎಂದು ಬಿಡಿಸಿ, ಆಮೇಲೆ ಎಣಿಸಿದಾಗ ಷೇಕ್ಸ್‌ಪಿಯರ್ ತಣ್ಣಗಾದ. ಹಿಂದಿನ ಪದಕ್ಕೆ ಅಂಟಿಕೊಂಡ ಎಮ್‌ಗಳನ್ನೂ, 1647ರ ಬೋಮಂಟ್-ಫ್ಲೆಚರ್ ಫೋಲಿಯೋದಲ್ಲಿ ‘ಅಮ್’ ಎಂದು ವೇಷ ಬದಲಿಸಿದವನ್ನೂ ಕೈಯಾರೆ ಬಿಡಿಸಬೇಕಾಯಿತು.

ಇಷ್ಟಾದರೂ ನೆಮ್ಮದಿಯಿಲ್ಲ, ಲಿಪಿಕಾರರಿದ್ದಾರಲ್ಲ. ಫ್ಲೆಚರನ ‘ಬೊಂಡುಕಾ’ಕ್ಕೆ ಎಡ್ವರ್ಡ್ ನೈಟ್ ಬರೆದ ಹಸ್ತಪ್ರತಿ ಉಳಿದಿದೆ, ಅಚ್ಚಿನಲ್ಲಿರುವ ಯೀಗಳಲ್ಲಿ ಎಷ್ಟನ್ನೋ ಅದರಲ್ಲಿ ಕಾಣೆವು. ಇತ್ತ ‘ಟೆಂಪೆಸ್ಟ್’ ಮತ್ತು ‘ವಿಂಟರ್ಸ್ ಟೇಲ್’ ಅಚ್ಚಿಗೆ ಹೋದದ್ದು ರಾಲ್ಫ್ ಕ್ರೇನ್ ಬರೆದ ಪ್ರತಿಯಿಂದ ಎನ್ನುತ್ತಾರೆ. ಹಾಗಾದರೆ ನಾನು ಅಳೆಯುತ್ತಿರುವುದು ಷೇಕ್ಸ್‌ಪಿಯರನನ್ನೋ ಕ್ರೇನನನ್ನೋ? ಅದಕ್ಕೇ ಕ್ರೇನನ ಪ್ರತಿಯಿಂದ ಬಂದವೆಂದು ಹೇಳದ ‘ಕೊರಿಯೊಲೇನಸ್’, ‘ಆಂಟನಿ ಅಂಡ್ ಕ್ಲಿಯೋಪಾತ್ರ’ ಎರಡನ್ನೂ ನಮೂನೆಗೆ ಸೇರಿಸಿದೆ.

ಗೆರೆ ತಿರುಗಿದ್ದು ಆಮೇಲೆ, ಲಯವನ್ನೂ ಜೊತೆಗಿಟ್ಟಾಗ. ಐದು ಸಾವಿರ ಪದದ ಕಿಟಕಿಯೊಳಗೆ (ಒಂದು ಸಲಕ್ಕೆ ಎಣಿಸುವ ತುಂಡು) ಈ ದೃಶ್ಯವೇ ಮುಳುಗಿಹೋಗುತ್ತದೆ. ಕಿಟಕಿ ಚಿಕ್ಕದು ಮಾಡಿದರೆ ಬರೀ ಗದ್ದಲ. ಹತ್ತು ಮಾತ್ರೆಯ ಬದಲು ಹನ್ನೊಂದಕ್ಕೆ, ಒತ್ತಿಲ್ಲದ ಉಚ್ಚಾರಕ್ಕೆ ಬಂದು ನಿಲ್ಲುವ ಸಾಲು ಫ್ಲೆಚರನ ಚಾಳಿ. (ಮಾತ್ರೆ ಎಂದರೆ ನಮ್ಮ ಛಂದಸ್ಸಿನದಲ್ಲ, ಇಂಗ್ಲಿಷಿನ ಸಿಲಬಲ್, ಪಂಡಿತರು ಬೈಯಬೇಡಿ.) ಇದನ್ನು ಯಾವ ಲಿಪಿಕಾರನೂ ಸುಲಭಕ್ಕೆ ಅಳಿಸಲಾರ. ಜೆಕ್ ಸಂಶೋಧಕ ಪೆತ್ರ್ ಪ್ಲೆಹಾಚ್ ಪದ ಮತ್ತು ಲಯ ಎರಡನ್ನೂ ಬೆರೆಸಿ ಇದೇ ನಾಟಕ ಅಳೆದು ಹೆಚ್ಚುಕಡಿಮೆ ಸ್ಪೆಡಿಂಗ್‌ನ ದಾರಿಗೇ ಬಂದಿದ್ದರು. ಅವರ ಕ್ರಮದ ಬಡವರ ಆವೃತ್ತಿ ನನ್ನದು. ವೂಲ್ಸಿಯ ಪ್ರಸಿದ್ಧ ವಿದಾಯದ ಮಾತು ಈಗ ಸಲೀಸಾಗಿ ಫ್ಲೆಚರನ ಕಡೆ ಬೀಳುತ್ತದೆ. ಷೇಕ್ಸ್‌ಪಿಯರನ ಭಕ್ತರು ಕ್ಷಮಿಸಬೇಕು.

ನಾಲ್ಕನೇ ಅಂಕದ ಎರಡನೇ ದೃಶ್ಯ, ರಾಣಿ ಕ್ಯಾಥರೀನಳ ಕನಸಿನದು, ಇನ್ನೂ ಮಂಕಾಗಿಯೇ ಇದೆ. ಅಲ್ಲಿ ಷೇಕ್ಸ್‌ಪಿಯರ್ ಬರೆದದ್ದರ ಮೇಲೆ ಫ್ಲೆಚರ್ ಕೈಯಾಡಿಸಿದ್ದಾನೆ ಎಂಬುದು ಹೋಯ್ ಅವರ ವಾದ. ನನಗೂ ಈಗೀಗ ಹಾಗೇ ಅನಿಸುತ್ತಿದೆ.

ಹಾಗೇ ಒಂದು ಮಾತು. ‘ಷೇಕ್ಸ್‌ಪಿಯರನ ಹೆಸರಲ್ಲಿ ಎಲ್ಲ ಬರೆದದ್ದು ಆಕ್ಸ್‌ಫರ್ಡ್ ಅರ್ಲ್ ಅಲ್ವಾ?’ ಎಂದು ಕೇಳುವ ಗೆಳೆಯರೇ, ಆ ಅರ್ಲ್ ಎಡ್ವರ್ಡ್ ಡಿ ವೆರ್ 1604ರಲ್ಲೇ ತೀರಿಕೊಂಡ. ಈ ನಾಟಕ ನಡೆಯುತ್ತಿದ್ದಾಗ ಗ್ಲೋಬ್ ರಂಗಮಂದಿರ ಸುಟ್ಟದ್ದು 1613ರ ಜೂನ್ 29ರಂದು, ಅದೂ ಹೊಸ ನಾಟಕವೆಂದು ಹೆಸರಾಗಿದ್ದಾಗ. ಫ್ರಾನ್ಸಿಸ್ ಬೇಕನ್ನೇ ಬರೆದದ್ದು ಎನ್ನುವ ಪಕ್ಷದವರಿಗೆ: ಬೇಕನ್‌ನ ಕೃತಿಗಳನ್ನು ಸಂಪಾದಿಸಿದವನು ಇದೇ ಸ್ಪೆಡಿಂಗ್. ಆತನೇ ನಿಮ್ಮ ವಾದ ಒಪ್ಪಲಿಲ್ಲ.

ಮುಂದಿನದು? ಕವಿರಾಜಮಾರ್ಗಕ್ಕೆ ಕೈ ಹಾಕುವ ಚಪಲ ಇತ್ತು, ನೃಪತುಂಗನೋ ಶ್ರೀವಿಜಯನೋ ಎಂದು. ಹೋಲಿಸಲು ಶ್ರೀವಿಜಯನ ಬೇರೆ ಕೃತಿಯೇ ಉಳಿದಿಲ್ಲದ ಮೇಲೆ ಡೆಲ್ಟಾ ಏನು ಮಾಡೀತು? ಹಾಗಾಗಿ 1592ರ ಅನಾಮಧೇಯ ‘ಆರ್ಡನ್ ಆಫ್ ಫೇವರ್‌ಷಮ್’. ಗಂಡನನ್ನು ಕೊಲ್ಲಿಸಲು ಹೊರಟ ಆಲಿಸ್ ಮತ್ತು ಅವಳ ಪ್ರಿಯಕರ ಜಗಳಾಡುವ ಎಂಟನೇ ದೃಶ್ಯ ಷೇಕ್ಸ್‌ಪಿಯರನದು ಎಂದು ಮ್ಯಾಕ್‌ಡೊನಾಲ್ಡ್ ಜಾಕ್ಸನ್. ನಾಟಕ ಥಾಮಸ್ ಕಿಡ್‌ನದು ಎಂದು ಬ್ರಯನ್ ವಿಕರ್ಸ್. ಯಾರ ಬಳಿಯಾದರೂ ಕಿಡ್‌ನ ‘ಸ್ಪ್ಯಾನಿಷ್ ಟ್ರ್ಯಾಜಿಡಿ’ ಹಳೇ ಕಾಗುಣಿತದಲ್ಲಿ ಶುದ್ಧ ಮಾಡಿಟ್ಟದ್ದಿದ್ದರೆ ಕಳಿಸಿ. 1602ರ ಸೇರ್ಪಡೆಗಳನ್ನು ದಯವಿಟ್ಟು ಬೇರೆ ಕಡತದಲ್ಲಿಡಿ, ಅವು ಯಾರದ್ದು ಎಂಬುದೇ ಇನ್ನೊಂದು ಜಗಳ.