ಪುಣೆಯ ಆರತಕ್ಷತೆಗೆ ನಾವು ಹೇಳಿದ ದರ

"ನಿಮ್ಮ ಸ್ವಂತ ಹಾಡುಗಳಲ್ಲವಲ್ಲ, ಎಲ್ಲರಿಗೂ ಗೊತ್ತಿರುವ ಹಾಡುಗಳೇ ತಾನೆ? ಅದಕ್ಕೆ ಇಷ್ಟು ಹಣವೇ?"

ಫೋನಿನ ಆ ತುದಿಯಲ್ಲಿದ್ದವರು ಜಗಳಕ್ಕೆಂದು ಹೀಗೆ ಕೇಳಿದ್ದಲ್ಲ. ಧಾರವಾಡದಿಂದ ಬಂದು ಪುಣೆಯ ಕೋಥರೂಡಿನಲ್ಲಿ ನೆಲೆಸಿದ ಹಿರಿಯರು ಅವರು. ಮಗನ ಮದುವೆಯ ಆರತಕ್ಷತೆಯಲ್ಲಿ ಕನ್ನಡ ಹಾಡು ಕೇಳಬೇಕೆಂಬ ಆಸೆಯಿಂದ, ಚಿತ್ರಗೀತೆಗಳನ್ನು ಹಾಡಿ ನುಡಿಸುವ ನಮ್ಮ ಐವರ ತಂಡದ ನಂಬರನ್ನು ಯಾರಿಂದಲೋ ಪಡೆದು ಮುಂಬೈಗೆ ಫೋನ್ ಮಾಡಿದ್ದರು. ಸೊಸೆ ಮರಾಠಿ ಮನೆಯವಳು. ಕನ್ನಡ, ಮರಾಠಿ, ಹಿಂದಿ ಮೂರೂ ಬೇಕು, ಏಳರಿಂದ ಹತ್ತರವರೆಗೆ ಮೂರು ಗಂಟೆ ನುಡಿಸಬೇಕು, ಎಲ್ಲ ಸೇರಿ 25,000 ರೂಪಾಯಿ ಕೊಡುತ್ತೇನೆ ಎಂದರು. ನಾನು 61,000 ಎಂದೆ.

ನಾನು ಡೊಂಬಿವಲಿಯಲ್ಲಿರುವ ಬ್ಯಾಂಕ್ ನೌಕರ. ತಂಡದಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ. ಹಾಡುವವರು ಇಬ್ಬರು: ಚೆಂಬೂರಿನ ಶಾಲಾ ಶಿಕ್ಷಕಿಯೊಬ್ಬರು, ಠಾಣೆಯ ಔಷಧ ಕಂಪನಿಯೊಂದರಲ್ಲಿರುವ ಉಡುಪಿಯ ಯುವಕನೊಬ್ಬ. ಬೇಸ್ ಗಿಟಾರ್‌ನವರು ಗೋವಾ ಮೂಲದವರು, ಕಾಲಿನಾದಲ್ಲಿ ಮನೆ. ಕನ್ನಡದ ಒಂದು ಅಕ್ಷರವೂ ಬಾರದಿದ್ದರೂ ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ ಹಾಡುಗಳ ಬಿಡಿ ಬಿಡಿ ಸ್ವರ ಅವರ ಬೆರಳಲ್ಲಿದೆ. ಆಕ್ಟೋಪ್ಯಾಡ್ (ತಾಳವಾದ್ಯಗಳ ಧ್ವನಿ ಕೊಡುವ ಎಲೆಕ್ಟ್ರಾನಿಕ್ ಪ್ಯಾಡ್), ಢೋಲಕಿ, ತಬಲಾ ಮೂರನ್ನೂ ನೋಡಿಕೊಳ್ಳುವವರು ಕಲಬುರಗಿಯವರು, ಈಗ ಮುಂಬೈ ಬಳಿಯ ಕಲ್ಯಾಣ ಊರಿನಲ್ಲಿದ್ದಾರೆ. ಈ ಕೊನೆಯ ಇಬ್ಬರಿಗೆ ಸಂಗೀತದ ಹೊರತು ಬೇರೆ ಸಂಬಳವಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ನಾವು ಹೇಳುವ ದರವೆಲ್ಲ ಅವರಿಬ್ಬರ ಮೇಲೆ ನಿಂತಿದೆ.

ಹಿರಿಯರಿಗೆ ಲೆಕ್ಕವನ್ನು ಬಿಡಿಸಿ ಹೇಳಿದೆ. ಮುಂಬೈಯಿಂದ ಹೋಗಿಬರಲು ವಾದ್ಯಗಳೂ ಜನರೂ ಹಿಡಿಸುವ ಗಾಡಿ, ಟೋಲ್, ಚಾಲಕನ ಭತ್ಯೆ ಸೇರಿ 11,000. ಧ್ವನಿವರ್ಧಕ, ಎಲ್ಲರ ಧ್ವನಿಯನ್ನು ಸೇರಿಸಿ ಹದಮಾಡುವ ಮಿಕ್ಸರ್, ನುಡಿಸುವವರಿಗೆ ತಮ್ಮ ಧ್ವನಿ ಕೇಳಿಸುವ ಮಾನಿಟರ್ ಸ್ಪೀಕರುಗಳ ಬಾಡಿಗೆ 14,000. ತಾಲೀಮಿನ ಕೋಣೆ ಗಂಟೆಗೆ 500ರಂತೆ ಆರು ಗಂಟೆಗೆ 3,000. ಧ್ವನಿ ನಿಯಂತ್ರಿಸುವವರಿಗೆ 3,000. ಉಳಿದ 30,000 ನಮ್ಮ ಐವರದು, ತಲೆಗೆ 6,000. ಅವರು ಹೇಳಿದ 25,000ಕ್ಕೆ ಒಪ್ಪಿದರೆ ಗಾಡಿ, ಧ್ವನಿ, ಕೋಣೆಗೆ ಕೊಟ್ಟಾಗಲೇ ಮೂರು ಸಾವಿರ ಕೈಯಿಂದ ಹೋಗುತ್ತದೆ. ಆಮೇಲೆ ಧ್ವನಿಯವರಿಗೂ ನಮಗೂ ಏನು?

ಜನ ಮೂರು ಗಂಟೆಯ ಕಾರ್ಯಕ್ರಮಕ್ಕೆ ಆರು ಸಾವಿರವೇ ಎಂದು ಹುಬ್ಬೇರಿಸುತ್ತಾರೆ. ಆ ದಿನ ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಟ್ಟವರು ಮತ್ತೆ ಮನೆ ಸೇರುವಾಗ ಮಧ್ಯರಾತ್ರಿ ಕಳೆದು ಮೂರು ಗಂಟೆ. ಅಲ್ಲಿಗೆ ಹದಿನೆಂಟು ಗಂಟೆ. ತಾಲೀಮಿನ ಆರು ಸೇರಿಸಿದರೆ ಇಪ್ಪತ್ತನಾಲ್ಕು. ಗಂಟೆಗೆ 250 ರೂಪಾಯಿ. ಇದರಲ್ಲಿ ಮನೆಯಲ್ಲಿ ಒಬ್ಬೊಬ್ಬರೇ ಕುಳಿತು ಹಾಡನ್ನು ಕೇಳಿ ಕೇಳಿ ಬರೆದುಕೊಂಡ ಹೊತ್ತಿಲ್ಲ, ವಾದ್ಯದ ಬೆಲೆ ಇಲ್ಲ, ತಂತಿ ಕೇಬಲ್‌ಗಳ ಸವಕಳಿ ಇಲ್ಲ. ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಮುಹೂರ್ತದ ದಿನವೊಂದನ್ನು ಒಬ್ಬರಿಗೆ ಕೊಟ್ಟೆವೆಂದರೆ ಆ ದಿನ ಬೇರೆ ಯಾರು ಕರೆದರೂ ಹೋಗುವಂತಿಲ್ಲ. ಮದುವೆಯ ದಿನಗಳೋ ವರ್ಷದಲ್ಲಿ ಎಣಿಸಿದಷ್ಟು. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮ್ಮ ಆಕ್ಟೋಪ್ಯಾಡ್‌ನವರಿಗೆ ಮದುವೆಯ ಕೆಲಸವೇ ಇಲ್ಲ. ಗಣೇಶೋತ್ಸವ, ನವರಾತ್ರಿಯ ಗರ್ಬಾ ಕಾರ್ಯಕ್ರಮಗಳಲ್ಲಿ ದುಡಿದದ್ದನ್ನು ಅವರು ಉಳಿದ ತಿಂಗಳುಗಳಿಗೆ ಹಂಚಿಕೊಳ್ಳುತ್ತಾರೆ. 2020ರಲ್ಲಿ ಅದೂ ಇರಲಿಲ್ಲ.

ಹಾಗಾಗಿಯೇ ನನ್ನಂಥ ಸಂಬಳದವನು "ನನಗೇನು, ಸಂತೋಷಕ್ಕೆ ನುಡಿಸುತ್ತೇನೆ, ಎರಡು ಸಾವಿರ ಕೊಟ್ಟರೆ ಸಾಕು" ಎಂದು ಹೇಳಿದರೆ ನನಗೆ ಸಿಟ್ಟೇ ಬರುತ್ತದೆ. ಅದು ಔದಾರ್ಯದಂತೆ ಕಾಣುತ್ತದೆ. ಆದರೆ ತಿಂಗಳ ಕೊನೆಗೆ ಬ್ಯಾಂಕಿನಿಂದ ಸಂಬಳ ಬರುವವನು ಬಿಟ್ಟುಕೊಟ್ಟ ನಾಲ್ಕು ಸಾವಿರವನ್ನು ನಾಳೆ ಅದೇ ಮನೆಯವರು ಕಲ್ಯಾಣದ ಮನುಷ್ಯನ ಮುಂದಿಟ್ಟು, "ಅವರು ಇಷ್ಟಕ್ಕೇ ಬಂದಿದ್ದರಲ್ಲ" ಎನ್ನುತ್ತಾರೆ. ಬಿಟ್ಟುಕೊಟ್ಟವನ ಮನೆಯಲ್ಲಿ ಅದರಿಂದ ಏನೂ ಬದಲಾಗುವುದಿಲ್ಲ, ಕೇಳಿಸಿಕೊಂಡವನ ಮನೆಯಲ್ಲಿ ಮಕ್ಕಳ ಶಾಲೆಯ ಶುಲ್ಕಕ್ಕೆ ಕುತ್ತು ಬರುತ್ತದೆ. ದರ ಎಷ್ಟಿರಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಇದರಿಂದಲೇ ಮನೆ ನಡೆಸುವವನು ಮರ್ಯಾದೆಯಿಂದ ಒಪ್ಪಬಹುದಾದಷ್ಟು, ಅದಕ್ಕಿಂತ ಒಂದು ರೂಪಾಯಿಯೂ ಕಡಿಮೆಯಿಲ್ಲದಂತೆ. ಹವ್ಯಾಸಿಗೂ ಅದೇ ದರ.

ಲ್ಯಾಪ್‌ಟಾಪ್‌ನಲ್ಲಿ ಕರೋಕೆ ಟ್ರ್ಯಾಕ್ ಹಾಕಿಕೊಂಡು ಒಬ್ಬರೇ ಹಾಡುವವರು ಇದರ ಕಾಲುಭಾಗಕ್ಕೆ ಸಿಗುತ್ತಾರೆಂದು ಹಿರಿಯರು ಹೇಳಿದರು. ನಿಜ, ಸಿಗುತ್ತಾರೆ, ಚೆನ್ನಾಗಿ ಹಾಡುವವರೂ ಇದ್ದಾರೆ. ಅದು ಬೇರೆ ಕೆಲಸ, ಬೇರೆ ಬೆಲೆ. ಅಜ್ಜಿಯೊಬ್ಬರು ಎದ್ದುಬಂದು ಪಲ್ಲವಿಯನ್ನು ಇನ್ನೊಮ್ಮೆ ಹಾಡಿ ಎಂದರೆ ಟ್ರ್ಯಾಕ್ ನಿಲ್ಲುವುದಿಲ್ಲ, ನಾವು ನಿಲ್ಲುತ್ತೇವೆ. ವಾದ ಬೆಳೆಸುವ ಬದಲು, "ಭಾನುವಾರ ಮಾಟುಂಗಾದಲ್ಲಿ ನಮ್ಮ ತಾಲೀಮಿದೆ, ಒಮ್ಮೆ ಬಂದು ನೋಡಿ, ಆಮೇಲೆ ಬೇಡವೆಂದರೂ ಬೇಸರವಿಲ್ಲ" ಎಂದೆ. ಸೀರೆ ಕೊಳ್ಳಲು ದಾದರ್‌ಗೆ ಬರುವುದಿತ್ತಂತೆ. ಮಗಳನ್ನು ಕರೆದುಕೊಂಡು ನಿಜಕ್ಕೂ ಬಂದೇಬಿಟ್ಟರು.

ಆ ಮಧ್ಯಾಹ್ನ ನಾವು ಹಳೆಯ ಕನ್ನಡ ಯುಗಳಗೀತೆಯೊಂದನ್ನು ಹಿಡಿದಿದ್ದೆವು. ಮೂಲದಲ್ಲಿ ಪಿಟೀಲುಗಳ ಸಾಲೇ ಇದೆ, ಕೊಳಲಿದೆ, ಮ್ಯಾಂಡೋಲಿನ್ ಇದೆ, ಹಿಂದೆ ಬಾಂಗೋ. ನಮ್ಮಲ್ಲಿರುವುದು ಒಂದು ಕೀಬೋರ್ಡ್, ಒಂದು ಬೇಸ್, ಒಂದು ಆಕ್ಟೋಪ್ಯಾಡ್. ಯುವಕನಿಗೆ ಮೂಲ ಶ್ರುತಿ ಎತ್ತರವಾಗಿ ಚರಣದ ತುದಿಯಲ್ಲಿ ಕಂಠ ಬಿಗಿಯುತ್ತಿತ್ತು. ಶ್ರುತಿಯನ್ನು ಒಂದು ಮನೆ, ಎಂದರೆ ಒಂದು ಮೆಟ್ಟಿಲು, ಇಳಿಸಿದೆವು, ಸಾಲದೆ ಇನ್ನರ್ಧ ಮನೆ. ಈಗ ಶಿಕ್ಷಕಿಗೆ ಕೆಳಗಿನ ಸ್ವರಗಳು ಎಟುಕಲಿಲ್ಲ. ಅವರ ಸಾಲುಗಳಿಗೆ ಬೇರೆ ದಾರಿ ಹುಡುಕಿದ್ದಾಯಿತು. ಶ್ರುತಿ ಇಳಿದದ್ದರಿಂದ ಕೊಳಲಿನ ಭಾಗ ಮಂಕಾಯಿತು, ಅದನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ದೆ. ಎಡಗೈಯಲ್ಲಿ ಪಿಟೀಲುಗಳ ಹಾಸು, ಬಲಗೈಯಲ್ಲಿ ಕೊಳಲು. ಆದರೆ ಹಾಡಿನ ನಡುವಿನ ಎರಡನೆಯ ವಾದ್ಯಭಾಗದಲ್ಲಿ ಪಿಟೀಲು ಮತ್ತು ಮ್ಯಾಂಡೋಲಿನ್ ಒಂದಕ್ಕೊಂದು ಮಾತನಾಡುತ್ತವೆ, ನನ್ನ ಎರಡು ಕೈ ಸಾಲುವುದಿಲ್ಲ. ಬೇಸ್‌ನವರು ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, ಮ್ಯಾಂಡೋಲಿನ್ ಸಾಲನ್ನು ತಮ್ಮ ತಂತಿಗಳ ಮೇಲಿನ ಭಾಗದಲ್ಲಿ ನುಡಿಸಿ ತೋರಿಸಿದರು. ಇಪ್ಪತ್ತು ಸೆಕೆಂಡಿನ ಆ ತುಣುಕು ಕೂಡಿಬರಲು ಮುಕ್ಕಾಲು ಗಂಟೆ ಹಿಡಿಯಿತು. ಬಳಿಕ ಮರಾಠಿ ಹಾಡಿಗೆ ಆಕ್ಟೋಪ್ಯಾಡ್‌ನಲ್ಲಿದ್ದ ಢೋಲಕಿಯ ಧ್ವನಿ ಬಡಕಲಾಗಿ ಕೇಳಿಸಿತು. ಕಲಬುರಗಿಯವರು ಅದನ್ನು ಬದಿಗಿಟ್ಟು, ಮೂಲೆಯಲ್ಲಿದ್ದ ನಿಜವಾದ ಢೋಲಕಿಯನ್ನೇ ತೊಡೆಯ ಮೇಲೆ ಎಳೆದುಕೊಂಡರು. ಕೋಣೆಯಲ್ಲಿ ಎಲ್ಲರೂ ನೆಟ್ಟಗೆ ಕುಳಿತರು.

ಚಹಾದ ಹೊತ್ತಿಗೆ ಹಿರಿಯರೊಂದಿಗೆ ಮಾತಿಗೆ ಕುಳಿತೆ. ಹಾಡು ನಮ್ಮದಲ್ಲ ಎಂಬ ಅವರ ಮಾತು ಸತ್ಯವೇ. ನಡುವಿನ ವಾದ್ಯಸಂಗೀತವೂ ನಮ್ಮದಲ್ಲ. ಹಿಂದಿ ಚಿತ್ರಗೀತೆಗಳಲ್ಲಿ ನಾವಿಂದು ಮೆಚ್ಚುವ ಪಿಟೀಲಿನ ಸಾಲುಗಳ ಹಿಂದೆ ಗೋವಾದ ಸಂಗೀತಗಾರರ ದುಡಿಮೆಯಿದೆ. ಸಂಗೀತ ನಿರ್ದೇಶಕರಾದ ಶಂಕರ್–ಜೈಕಿಶನ್ ಅವರಿಗೆ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿಸೋಜ, ಲಕ್ಷ್ಮೀಕಾಂತ್–ಪ್ಯಾರೆಲಾಲ್ ಜೋಡಿಯ ಪ್ಯಾರೆಲಾಲ್‌ಗೆ ಪಿಟೀಲು ಕಲಿಸಿದ ಆಂಥನಿ ಗೊನ್ಸಾಲ್ವಿಸ್ ಯಾರೆಂಬುದು ಹಾಡು ಗುನುಗುವವರಲ್ಲಿ ಬಹುತೇಕರಿಗೆ ಗೊತ್ತೇ ಇರಲಿಲ್ಲ. ಅಂಥವರು ಕಟ್ಟಿದ್ದನ್ನು ಕೆಡಿಸದೆ, ಐದು ಜನರ ಕೈಗೆ ಒಗ್ಗಿಸಿ, ನಿಮ್ಮ ಅಂಗಳದಲ್ಲಿ ನಿಮ್ಮ ಕಣ್ಣೆದುರು ಮತ್ತೆ ನಿಲ್ಲಿಸುವುದು ನಮ್ಮ ಕೆಲಸ, ಬೆಲೆ ಅದಕ್ಕೆ ಎಂದೆ.

ಹಾಡು ಪರರದ್ದಾದರೆ ಪರವಾನಗಿ ಬೇಕಲ್ಲವೇ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿಯಲ್ಲಿ ಮದುವೆಗೆ, ಅದಕ್ಕೆ ಸಂಬಂಧಪಟ್ಟ ಸಾಮಾಜಿಕ ಸಂಭ್ರಮಗಳಿಗೆ ವಿನಾಯಿತಿ ಇದೆ. ಹೋಟೆಲಿನ ಹೊಸವರ್ಷದ ಕಾರ್ಯಕ್ರಮಕ್ಕೆ ಅದಿಲ್ಲ. ಅಲ್ಲಿ ಆಯೋಜಕರು ಗೀತರಚನಕಾರರ, ಸಂಗೀತ ನಿರ್ದೇಶಕರ ಪಾಲನ್ನು ವಸೂಲಿ ಮಾಡಿ ಕೊಡುವ, 1969ರಿಂದ ಇರುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಿಂದ ಪರವಾನಗಿ ಪಡೆಯಬೇಕು. ಅಂಥ ಕಡೆ ನಮ್ಮ ಒಪ್ಪಂದದಲ್ಲಿ ಅದನ್ನು ಬರೆದೇ ಇರುತ್ತೇವೆ. 2012ರ ತಿದ್ದುಪಡಿಯ ನಂತರ ಗೀತರಚನಕಾರರ, ಸಂಗೀತ ನಿರ್ದೇಶಕರ ರಾಯಧನದ (ರಾಯಲ್ಟಿ) ಹಕ್ಕನ್ನು ಅವರಿಂದ ಬರೆಸಿಕೊಂಡುಬಿಡಲು ಆಗುವುದಿಲ್ಲ. ಆ ಪಾಲು ಅವರಿಗೆ ಮುಟ್ಟಲೇಬೇಕು. ತಮ್ಮ ಕೂಲಿಗಾಗಿ ಹಟ ಹಿಡಿಯುವ ವಾದ್ಯಗಾರರು ಈ ಪಾಲಿಗಾಗಿಯೂ ಹಟ ಹಿಡಿಯಬೇಕು.

ಹಿರಿಯರಿಗೆ ತಾಲೀಮು ಬಹಳ ಹಿಡಿಸಿತು. ಆದರೂ ಚೌಕಾಸಿ ಬಿಡಲಿಲ್ಲ. ಮದುವೆ ಮಾಡುವವರ ಕಷ್ಟ ಮಾಡುವವರಿಗೇ ಗೊತ್ತು. ಕೊಡುವ ಹಣ ಕಡಿಮೆಯಾಗಬೇಕಾದರೆ ಕೆಲಸದ ಬಾಬತ್ತು ಕಡಿಮೆಯಾಗಲಿ, ತಲೆಗೆ ಕೊಡುವ ದರ ಕಡಿಮೆಯಾಗುವುದು ಬೇಡ ಎಂದೆ. ಗಾಡಿಯನ್ನು ಅವರೇ ಕಳಿಸುತ್ತಾರೆ, ಆರತಕ್ಷತೆ ನಡೆಯುವ ಬಯಲು, ಅಂದರೆ ಲಾನ್ಸ್‌ನಲ್ಲಿ ಅಲಂಕಾರದವರ ಬಳಿ ಇರುವ ಧ್ವನಿವರ್ಧಕವನ್ನೇ ಬಳಸುತ್ತೇವೆ ಎಂದು ತೀರ್ಮಾನವಾಯಿತು. 25,000 ಇಳಿಯಿತು, ನಮಗೆ ಉಳಿದದ್ದು 36,000. ಧ್ವನಿ ನಿಯಂತ್ರಿಸುವವರು ಮಾತ್ರ ನಮ್ಮವರೇ ಇರಬೇಕು ಎಂದು ಪಟ್ಟು ಹಿಡಿದೆ. "ಮೂರು ಸಾವಿರ ಉಳಿಸಬಹುದಿತ್ತಲ್ಲ" ಎಂದರು. ನಾನು ಒಪ್ಪಲಿಲ್ಲ. ಅರ್ಧ ಹಣ ಮುಂಗಡ, ಉಳಿದದ್ದು ಕೊನೆಯ ಸುತ್ತಿಗೆ ಮೊದಲು, ಹತ್ತು ಗಂಟೆಗೆ ಮುಕ್ತಾಯ. ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಕಳಿಸಿದೆ. ಪರಿಚಯದವರ ನಡುವೆ ಬರವಣಿಗೆ ಏಕೆ ಎನ್ನುವವರಿದ್ದಾರೆ. ಪರಿಚಯ ಉಳಿಯಬೇಕಾದರೆ ಬರವಣಿಗೆ ಬೇಕು.

ಪುಣೆಗೆ ಹೋದ ಶನಿವಾರ ಖಂಡಾಲಾ ಘಾಟಿನಲ್ಲಿ ಲಾರಿಗಳ ಸಾಲು. ಲಾನ್ಸ್ ತಲುಪುವಾಗ ಊಟದ ಹೊತ್ತು ದಾಟಿತ್ತು. ವಾದ್ಯಗಳನ್ನು ಜೋಡಿಸಿ ಸ್ವಿಚ್ ಹಾಕಿದರೆ ಸ್ಪೀಕರುಗಳಿಂದ ಗುಂಯ್ ಎಂಬ ನಿಲ್ಲದ ಗುಂಗು. ಅಲ್ಲಿಯ ಧ್ವನಿಯ ಹುಡುಗ ಜೋರಾಗಿ ನುಡಿಸಿದರೆ ಕೇಳಿಸುವುದಿಲ್ಲ ಬಿಡಿ ಎಂದ. ನಮ್ಮವರು ಬಗ್ಗಿ ತಂತಿ ಹಿಡಿದು ಹೋದರು. ವೇದಿಕೆಗೆ ವಿದ್ಯುತ್ತು ಜನರೇಟರಿನಿಂದ ಬರುತ್ತಿತ್ತು, ಮಿಕ್ಸರ್‌ಗೆ ಕಟ್ಟಡದ ಸಾಕೆಟ್ಟಿನಿಂದ. ಎರಡರ ಅರ್ಥಿಂಗ್ ಬೇರೆ ಬೇರೆಯಾದಾಗ ಕೇಬಲ್ಲಿನ ಮೂಲಕ ಈ ಗುಂಗು ನುಸುಳುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದಾಗ ಸದ್ದಡಗಿತು. ಮಾನಿಟರ್ ಒಂದೇ ಇತ್ತು. ಅದನ್ನು ಶಿಕ್ಷಕಿಯ ಎದುರಿಗಿಟ್ಟರು, ಏಕೆಂದರೆ ತನ್ನ ಕಂಠ ತನಗೆ ಕೇಳದ ಗಾಯಕಿ ಕೂಗಿ ಹಾಡುತ್ತಾಳೆ, ಸೋಮವಾರ ಅವರಿಗೆ ತರಗತಿಯಲ್ಲಿ ಪಾಠ ಮಾಡುವುದಿರುತ್ತದೆ. ಆ ಮೂರು ಸಾವಿರ ಇಲ್ಲದಿದ್ದರೆ ಇಡೀ ಸಂಜೆ ಹಾಳಾಗುತ್ತಿತ್ತು. ತಂಡಗಳಿಗೆ ನಾನು ಕೊಡುವ ಸಲಹೆಯೂ ಇದೇ: ವಾದ್ಯಗಾರರಲ್ಲಿ ಒಬ್ಬರನ್ನು ಬೇಕಾದರೆ ಬಿಟ್ಟು ಹೋಗಿ, ಧ್ವನಿಯವರನ್ನು ಬಿಡಬೇಡಿ.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಬೀಗರ ಕಡೆಯವರು ಢೋಲಕಿಗೆ ಎದ್ದು ಕುಣಿದರು, ಧಾರವಾಡದ ಹೆಂಗಸರು ಯುಗಳಗೀತೆಯನ್ನು ಎರಡು ಬಾರಿ ಹಾಡಿಸಿದರು. ಹತ್ತಕ್ಕೆ ಐದು ನಿಮಿಷವಿದ್ದಾಗ ವರನ ಗೆಳೆಯರು ವೇದಿಕೆಗೆ ಹತ್ತಿ, ಇನ್ನೊಂದು ಗಂಟೆ ನುಡಿಸಿ, ಬೇಕಾದಷ್ಟು ಕೊಡುತ್ತೇವೆ ಎಂದು ನೋಟು ಚಾಚಿದರು. ಬಯಲಿನಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಪಕ್ಕದ ಕಟ್ಟಡಗಳಲ್ಲಿ ಮಲಗುವ ಮಕ್ಕಳಿದ್ದಾರೆ. ಇದಕ್ಕೆ ದರವೇ ಇಲ್ಲ. ನಾನು ಹೇಳುವ ಮೊದಲೇ ಹಿರಿಯರು ಬಂದು ಹುಡುಗರನ್ನು ಇಳಿಸಿದರು. ಬಾಕಿ 18,000ವನ್ನು ಅವರು ಒಂಬತ್ತು ಗಂಟೆಗೇ ನನ್ನ ಕೈಗಿತ್ತಿದ್ದರು.

ವಾಪಸು ಬರುವಾಗ ಲೋಣಾವಳದ ಬಳಿ ಚಹಾಕ್ಕೆ ನಿಂತಲ್ಲಿ ಹಣ ಹಂಚಿದೆವು. ನಮ್ಮಲ್ಲಿ ಗಾಯಕರಿಗೆ ಹೆಚ್ಚು, ವಾದ್ಯದವರಿಗೆ ಕಡಿಮೆ ಎಂಬುದಿಲ್ಲ, ಎಲ್ಲರಿಗೂ ಸಮಪಾಲು. ಕೇಳುಗರು ಪ್ರೀತಿಯಿಂದ ಕೊಟ್ಟ ನೋಟು ಮಾತ್ರ ಯಾರಿಗೆ ಕೊಟ್ಟರೋ ಅವರದು. ಅಂದು ಅದು ಢೋಲಕಿಯವರ ಜೇಬು ಸೇರಿತ್ತು. ಬರುವ ವರ್ಷದಿಂದ ಹೊರಊರಿಗೆ ತಲೆಗೆ 7,000 ಎಂದು ಅಲ್ಲಿಯೇ ನಿರ್ಧರಿಸಿದೆವು. ಶಿಕ್ಷಕಿ ಇದು ಜಾಸ್ತಿಯಾಯಿತೇನೋ ಎಂದು ಅನುಮಾನಿಸಿದರು. ಬೇಸ್‌ನವರು ಏನೂ ಹೇಳದೆ ಅವರ ಕಡೆ ನೋಡಿದರು. ಶಿಕ್ಷಕಿ ಮತ್ತೆ ಆ ಮಾತೆತ್ತಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಂಘಗಳ ಮಾತನ್ನೂ ಆಡಬೇಕು. ಮುಂಬೈಯ ಕನ್ನಡ ಸಂಘಗಳು ನಮ್ಮನ್ನು ಬೆಳೆಸಿವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಸಭಾಗೃಹಗಳಿಲ್ಲದಿದ್ದರೆ ಈ ಊರಿನಲ್ಲಿ ಕನ್ನಡ ಹಾಡಿಗೆ ವೇದಿಕೆಯೆಲ್ಲಿ? ಸಣ್ಣ ಸಂಘಗಳ ಬಳಿ ಹಣವಿರುವುದಿಲ್ಲ ಎಂಬುದೂ ಗೊತ್ತು. ಆದರೆ ರಾಜ್ಯೋತ್ಸವದ ರಸಮಂಜರಿಗೆ "ನಮ್ಮವರೇ ಅಲ್ಲವೇ, ಸೇವೆಯೆಂದು ತಿಳಿಯಿರಿ" ಎಂಬ ಕರೆ ಬಂದಾಗ, ಶಾಮಿಯಾನದವರಿಗೂ ಅಡುಗೆಯವರಿಗೂ ಪೂರ್ತಿ ಹಣ ಕೊಡುವ ಸಮಿತಿಗೆ ಢೋಲಕಿಯವನ ಹಸಿವೊಂದೇ ಏಕೆ ಕಾಣುವುದಿಲ್ಲ ಎಂದು ನೋವಾಗುತ್ತದೆ. ಹೀಗಾಗಿ ಸಂಘಗಳಿಗೆ ನಾವೊಂದು ಪದ್ಧತಿ ಮಾಡಿಕೊಂಡಿದ್ದೇವೆ. ಸಂಬಳವಿರುವ ಮೂವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಸಂಗೀತದಿಂದಲೇ ಬದುಕುವ ಇಬ್ಬರಿಗೆ, ಧ್ವನಿಯವರಿಗೆ ಪೂರ್ತಿ ದರ ಕೊಡಬೇಕು. ನಾವು ಮೂವರು ಬಿಟ್ಟುಕೊಟ್ಟ ಮೊತ್ತವನ್ನು ಸಂಘದ ದೇಣಿಗೆ ಪಟ್ಟಿಯಲ್ಲಿ ಬರೆಯಬೇಕು. ಹಾಗೆ ಬರೆದಾಗ ಕಾರ್ಯಕ್ರಮದ ನಿಜವಾದ ಬೆಲೆ ಎಲ್ಲರಿಗೂ ಕಾಣುತ್ತದೆ, ಮುಂದೆ ಬರುವ ತಂಡವನ್ನು ಯಾರೂ ಪುಕ್ಕಟೆಯ ಅಳತೆಯಲ್ಲಿ ತೂಗುವುದಿಲ್ಲ.

ಪುಣೆಯಿಂದ ಬಂದ ವಾರವೇ ಉಪನಗರದ ಸಂಘವೊಂದರ ಕಾರ್ಯದರ್ಶಿಗಳು ನವೆಂಬರ್ ಒಂದರ ಬಗ್ಗೆ ಫೋನ್ ಮಾಡಿದರು. ಇದೇ ಪದ್ಧತಿಯನ್ನು ವಿವರಿಸಿದೆ. ದೇಣಿಗೆ ಪಟ್ಟಿಯ ವಿಚಾರ ಅವರಿಗೆ ಹೊಸದಾಗಿತ್ತು, ಎರಡು ಸಲ ಕೇಳಿ ಬರೆದುಕೊಂಡರು. ಸಮಿತಿಯ ಮುಂದಿಟ್ಟು ತಿಳಿಸುತ್ತೇವೆ ಎಂದಿದ್ದಾರೆ. ಹದಿನೈದನೆಯ ತಾರೀಖಿನವರೆಗೆ ಆ ದಿನವನ್ನು ಬೇರೆಯವರಿಗೆ ಕೊಡುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೇನೆ.