ಮೇಷ್ಟ್ರು ತಿದ್ದಿದ ಅರ್ಜಿಗಳು

ಕೋಲಾರದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಈಚೆಗೆ ತೀರಿಕೊಂಡರು. ಅವರು ಮಾಡಿದ ಪಾಠ ಬಹುಪಾಲು ಮರೆತಿದೆ. ಪ್ರೊಫೆಸರ್ ಹತ್ತಿರ ರಿಸರ್ಚ್ ಅಸಿಸ್ಟೆಂಟ್ ಕೆಲಸ ಕೇಳುವ ಕ್ರಮ ಮಾತ್ರ ಒಂದಕ್ಷರವೂ ಮರೆತಿಲ್ಲ.

"ಮೊದಲು ಅವರ ಹೊಸ ಪೇಪರ್ ಎರಡು ಓದ್ರಯ್ಯ, ಆಮೇಲೆ ಪೆನ್ನು ತೆಗೀರಿ" ಅನ್ನೋರು. ಎಲ್ಲ ಅರ್ಥವಾಗದಿದ್ದರೂ ಪ್ರಯೋಗದ ವಿಧಾನ ಬರೆದಿರುವ ಭಾಗ ಬಿಡುವಂತಿರಲಿಲ್ಲ; ಸಹಾಯಕನಿಗೆ ದಿನವಿಡೀ ಅದೇ ಕೆಲಸ. ಅರ್ಜಿ ಒಂದೇ ಪುಟ. ಯಾವ ಕೆಲಸ, ಯಾವ ತಿಂಗಳಿಂದ ಬರಬಲ್ಲೆ ಅನ್ನುವುದು ಮೊದಲ ಸಾಲಿನಲ್ಲೇ ಇರಬೇಕು. "ತುಂಬಾ ಆಸಕ್ತಿಯಿದೆ" ಎಂದು ಬರೆದರೆ ಕೆಂಪು ಶಾಯಿ ಬೀಳುತ್ತಿತ್ತು. "ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅಳೀತೀನಿ ಅಂತ ಬರಿ. ಅದು ನಿನಗೆ ಬರುತ್ತಲ್ಲ!"

ಬರುತ್ತಿತ್ತು, ಅವರೇ ಕಲಿಸಿದ್ದರಿಂದ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಮೋಟರ್ ಓಡಿಸಬೇಕು. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತದೆ, ಪ್ಲಾಸ್ಟಿಕ್ಕೇ ಆಗಬೇಕು. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಕಡ್ಡಿ ಅದ್ದುವ ಮುಂಚೆ ನೀರಿನಷ್ಟೇ ಬಫರ್ ದ್ರಾವಣ ಬೆರೆಸಬೇಕು, ಇಲ್ಲದಿದ್ದರೆ ಅಲ್ಯುಮಿನಿಯಂ, ಕಬ್ಬಿಣ ಫ್ಲೋರೈಡನ್ನು ಹಿಡಿದಿಟ್ಟು ಲೆಕ್ಕ ಕಡಿಮೆ ಬರುತ್ತದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5. ಸಂದರ್ಶನದಲ್ಲಿ "ಬಫರ್ ಯಾಕೆ?" ಎಂದಾಗ ನಮ್ಮ ಬ್ಯಾಚಿನವರು ತಡವರಿಸಲಿಲ್ಲ ಅನ್ನುವುದು ನನಗೆ ಇಂದಿಗೂ ಹೆಮ್ಮೆ.

ಹಿಂದಿನ ಬೆಂಚಿನ ಹುಡುಗರು ಒಮ್ಮೆ ಒಂದೇ ಅರ್ಜಿಯನ್ನು ಹೆಸರು ಬದಲಿಸಿ ಬೆಂಗಳೂರಿನ ಸಿಕ್ಕ ಸಿಕ್ಕ ಲ್ಯಾಬ್‌ಗೆಲ್ಲ ಪೋಸ್ಟ್ ಮಾಡಿದರು. ಲಕೋಟೆ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರದು. ಸಾಲದ್ದಕ್ಕೆ, ಕೇಳದೆಯೇ ಮೇಷ್ಟ್ರ ಹೆಸರನ್ನು ಶಿಫಾರಸಿಗೆ ಕೊಟ್ಟಿದ್ದರು. ಅರ್ಜಿಯೊಂದು ಅವರ ಮೇಜಿಗೇ ವಾಪಸ್ ಬಂತು! ಅವರು ಬೈಯಲಿಲ್ಲ. ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಒಬ್ಬೊಬ್ಬರಿಂದಲೂ ಬೇರೆ ಬೇರೆ ಅರ್ಜಿ ಬರೆಸಿದರು. ಶಿಫಾರಸು ಬೇಕಿದ್ದರೆ ಎರಡು ವಾರ ಮೊದಲೇ, ಅಂಕಪಟ್ಟಿ ಹಿಡಿದು ಬಂದು ಕೇಳಬೇಕು ಅನ್ನುವ ಕಟ್ಟಳೆ ಅಂದಿನಿಂದ ಬಂತು.

ಈಗಿನ ಮಕ್ಕಳಿಗೆ ಇಂಟರ್ನಲ್ಸ್, ಅಸೈನ್‌ಮೆಂಟ್ ನಡುವೆ ಪಿಪೆಟ್ ಹಿಡಿಯಲು ಪುರುಸೊತ್ತೇ ಕೊಡುವುದಿಲ್ಲ. ಸರ್ಟಿಫಿಕೇಟ್ ಕಂತೆ ಇರುತ್ತದೆ, ಮಾಡಬಲ್ಲ ಕೆಲಸ ಒಂದೂ ಅರ್ಜಿಯಲ್ಲಿರುವುದಿಲ್ಲ. ಇದು ಮಕ್ಕಳ ತಪ್ಪಲ್ಲ. ಇಮೇಲ್ ಮಾಡುವವರು ಅರ್ಜಿ, ಬಯೋಡೇಟಾ, ಅಂಕಪಟ್ಟಿಯನ್ನು ಒಂದೇ ಪಿಡಿಎಫ್ ಮಾಡಿ, ಅದಕ್ಕೆ ನಿಮ್ಮ ಹೆಸರಿಡಿ. ಎರಡು ವಾರ ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ಒಂದು ಸಲ ನೆನಪೋಲೆ ಸಾಕು. ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಪ್ರಾಜೆಕ್ಟ್ ಹುದ್ದೆಯಾದರೆ ಹಣ ಯಾವ ತಿಂಗಳವರೆಗೆ ಮಂಜೂರಾಗಿದೆ ಎಂದು ಸೇರುವ ಮೊದಲೇ ಕೇಳಿ. ಮೇಷ್ಟ್ರು ಇದನ್ನು ಸಂಕೋಚವಿಲ್ಲದೆ ಕೇಳಿಸುತ್ತಿದ್ದರು.